ತೊಟ್ಟೆಯಿಂದ ಎಣ್ಣೆ: ಮುಸಫ್ಫಾದಲ್ಲಿ ನಿಂತು ಹಾಕಿದ ಲೆಕ್ಕ

ಪ್ಲಾಸ್ಟಿಕ್ ಕಸದಿಂದ ಡೀಸೆಲ್ ತೆಗೆದರಂತೆ ಎಂಬ ಸುದ್ದಿ ವರ್ಷಕ್ಕೆ ಎರಡು ಮೂರು ಸಲವಾದರೂ ನಮ್ಮ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತದೆ. ಹಿತ್ತಲಲ್ಲಿ ಕಬ್ಬಿಣದ ಡ್ರಮ್ಮು, ಅಡಿಯಲ್ಲಿ ಬೆಂಕಿ, ನೀರಿನ ತೊಟ್ಟಿಯೊಳಗೆ ಹಾದುಬರುವ ಕೊಳವೆ, ಅದರ ತುದಿಯಿಂದ ಹನಿಯುವ ಕಂದು ದ್ರವ. ಕೊನೆಗೆ ಅದನ್ನೇ ಬೈಕಿಗೆ ಹೊಯ್ದು ಒಂದು ಸುತ್ತು. ಮುಸಫ್ಫಾದಲ್ಲಿ ಇಂಥ ವಿಡಿಯೊಗಳಿಗೆ ನೋಡುಗರು ಜಾಸ್ತಿ. ಅಬುಧಾಬಿ ನಗರದ ಮಗ್ಗುಲಲ್ಲಿರುವ ಈ ಕೈಗಾರಿಕಾ ಪ್ರದೇಶದ ತುಂಬ ಗ್ಯಾರೇಜು, ಗೋದಾಮು, ಕಂಟೈನರ್ ಯಾರ್ಡು, ಗುಜರಿ ಅಂಗಣ, ಲೇಬರ್ ಕ್ಯಾಂಪುಗಳೇ. ಮಂಗಳೂರು, ಉಡುಪಿ, ಕಾಸರಗೋಡು, ಭಟ್ಕಳದ ಕಡೆಯವರು ಇಲ್ಲಿ ಮೆಕ್ಯಾನಿಕ್, ಸ್ಟೋರ್‌ಕೀಪರ್, ಟ್ರಕ್ ಚಾಲಕ, ಕೆಫೆಟೇರಿಯಾದವರು ಎಂದು ನಾನಾ ಕೆಲಸಗಳಲ್ಲಿದ್ದಾರೆ. ಡೀಸೆಲ್ಲೂ ಪ್ಲಾಸ್ಟಿಕ್ಕೂ ದಿನವಿಡೀ ಕಣ್ಣೆದುರಿಗಿರುವ ಸರಕು. ಒಂದನ್ನು ಇನ್ನೊಂದು ಮಾಡಬಹುದು ಎಂದರೆ ಕಿವಿ ನೆಟ್ಟಗಾಗದೆ ಇರುತ್ತದೆಯೇ? ‘ಊರಿಗೆ ಹೋದ ಮೇಲೆ ಇಂಥದ್ದೊಂದು ಯೂನಿಟ್ ಹಾಕುವ ಮಾರಾಯ್ರೆ’ ಎಂಬ ಮಾತು ಇಲ್ಲಿ ಹೊಸತಲ್ಲ.

ಅನುಮಾನಪಡುವವರೂ ಇದ್ದಾರೆ, ಅವರಿಗೂ ಕಾರಣವಿದೆ. 1996ರಲ್ಲಿ ತಮಿಳುನಾಡಿನ ರಾಮರ್ ಪಿಳ್ಳೈ ಗಿಡಮೂಲಿಕೆಯಿಂದ ಪೆಟ್ರೋಲ್ ಮಾಡುತ್ತೇನೆಂದು ದೇಶವನ್ನೇ ತಿರುಗಿ ನೋಡುವಂತೆ ಮಾಡಿದರು. ಇಪ್ಪತ್ತು ವರ್ಷಗಳ ನಂತರ, 2016ರಲ್ಲಿ, ವಂಚನೆಗಾಗಿ ಅವರಿಗೆ ನ್ಯಾಯಾಲಯ ಮೂರು ವರ್ಷ ಶಿಕ್ಷೆ ವಿಧಿಸಿತು. ಪ್ಲಾಸ್ಟಿಕ್ ಎಣ್ಣೆಯ ಕಥೆ ಆ ಜಾತಿಯದಲ್ಲ. ಇಲ್ಲಿ ಎಣ್ಣೆ ನಿಜವಾಗಿಯೂ ಬರುತ್ತದೆ. ಯಾವ ಕಸದಿಂದ, ಎಷ್ಟು, ಯಾವ ಗುಣದ್ದು, ಯಾರ ಖರ್ಚಿನಲ್ಲಿ ಎಂದು ಕೇಳಲು ಹೊರಟಾಗ ತೊಡಕು ಶುರುವಾಗುತ್ತದೆ.

ಮೊದಲು ಎಣ್ಣೆ ಬರುವ ಬಗೆ. ಪ್ಲಾಸ್ಟಿಕ್ ಹುಟ್ಟಿದ್ದೇ ಎಣ್ಣೆ ಮತ್ತು ಅನಿಲದಿಂದ. ಕರಾವಳಿಯಲ್ಲಿ ನಾವು ತೊಟ್ಟೆ ಎನ್ನುವ ಪಾಲಿಥೀನ್ ಚೀಲದ ಒಂದೊಂದು ಅಣುವಿನಲ್ಲೂ ಸಾವಿರಾರು ಇಂಗಾಲದ ಪರಮಾಣುಗಳು ಸಾಲಾಗಿ ಜೋಡಿಸಿಕೊಂಡಿರುತ್ತವೆ, ಪ್ರತಿಯೊಂದರ ಜೊತೆಗೂ ಎರಡೆರಡು ಜಲಜನಕ. ಡೀಸೆಲ್ಲಿನಲ್ಲೂ ಇಂಥದೇ ಸಾಲುಗಳಿವೆ. ಉದ್ದ ಮಾತ್ರ ಹತ್ತರಿಂದ ಇಪ್ಪತ್ತು ಚಿಲ್ಲರೆ ಇಂಗಾಲ. ಪೆಟ್ರೋಲಿನಲ್ಲಿ ಇನ್ನೂ ಗಿಡ್ಡ, ಐದರಿಂದ ಹನ್ನೆರಡು. ಕಿಲೋ ಲೆಕ್ಕದಲ್ಲಿ ತೂಗಿ ಉರಿಸಿದರೆ ಪಾಲಿಥೀನ್ ಕೊಡುವ ಶಾಖವೂ ಡೀಸೆಲ್ ಕೊಡುವ ಶಾಖವೂ ಹೆಚ್ಚುಕಡಿಮೆ ಒಂದೇ. ಹಾಗಾಗಿ ಉದ್ದದ ಸಾಲನ್ನು ಗಿಡ್ಡದ್ದು ಮಾಡಿದರೆ ಆಯಿತು. ಗಾಳಿಯೊಳಗೆ ಕಾಯಿಸಿದರೆ ಉರಿದು ಹೋಗುತ್ತದೆ. ಗಾಳಿ ತಾಗದಂತೆ ಮುಚ್ಚಿದ ಪಾತ್ರೆಯಲ್ಲಿ 400ರಿಂದ 500 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಉರಿಯಲು ಆಮ್ಲಜನಕವಿಲ್ಲದೆ ಕೊಂಡಿಗಳು ಕಡಿದುಕೊಳ್ಳುತ್ತವೆ. ಇದಕ್ಕೆ ಪೈರಾಲಿಸಿಸ್ ಎಂದು ಹೆಸರು. ಹಿತ್ತಲ ಡ್ರಮ್ಮಿನಲ್ಲಿ ನಡೆಯುವುದೂ ಇದೇ.

ಆದರೆ ಬರಿಯ ಶಾಖಕ್ಕೆ ಅಳತೆ ಗೊತ್ತಿಲ್ಲ. ಮಲ್ಲಿಗೆ ಮಾಲೆಯನ್ನು ಕಣ್ಣು ಮುಚ್ಚಿಕೊಂಡು ಎಲ್ಲೆಂದರಲ್ಲಿ ಕತ್ತರಿಸಿದ ಹಾಗೆ. ಒಂದು ತುಂಡು ಮೊಳ ಉದ್ದ, ಇನ್ನೊಂದರಲ್ಲಿ ಎರಡೇ ಹೂ. ಉದ್ದದ ತುಂಡುಗಳು ತಣ್ಣಗಾದಾಗ ಮೇಣವಾಗಿ ಕೊಳವೆಯನ್ನು ಕಟ್ಟುತ್ತವೆ, ತೀರಾ ಚಿಕ್ಕವು ಅನಿಲವಾಗಿ ಹಾರುತ್ತವೆ, ನಡುವಿನವು ಎಣ್ಣೆ, ತಳದಲ್ಲಿ ಮಸಿ. ವೇಗವರ್ಧಕ, ಅಂದರೆ ಕ್ಯಾಟಲಿಸ್ಟ್, ಬರುವುದು ಈ ಹಂತದಲ್ಲಿ. ತಾನು ಖರ್ಚಾಗದೆ ಕ್ರಿಯೆಯನ್ನು ಬೇಗ ಮಾಡಿಸುವುದು ಅದರ ಪಾಠಪುಸ್ತಕದ ಕೆಲಸ. ಪ್ಲಾಸ್ಟಿಕ್‌ನ ವಿಷಯದಲ್ಲಿ ಅದಕ್ಕಿಂತ ಮುಖ್ಯವಾದ ಕೆಲಸವೊಂದಿದೆ: ಎಷ್ಟುದ್ದಕ್ಕೆ ಕತ್ತರಿಸಬೇಕು ಎಂಬುದರ ಮೇಲೆ ಒಂದು ಹಿಡಿತ.

ಈ ಕೆಲಸಕ್ಕೆ ಹೆಚ್ಚಾಗಿ ಬಳಕೆಯಾಗುವುದು ಜಿಯೋಲೈಟ್. ಸಿಲಿಕಾನ್, ಅಲ್ಯುಮಿನಿಯಂ, ಆಮ್ಲಜನಕ ಸೇರಿ ಆದ ಹರಳು. ಅದರ ಮೈತುಂಬ ಒಂದೇ ಅಳತೆಯ ರಂಧ್ರಗಳು, ಒಂದು ನ್ಯಾನೋಮೀಟರಿಗಿಂತಲೂ ಕಿರಿದು. ರಂಧ್ರಗಳೊಳಗೆ ತೀಕ್ಷ್ಣ ಆಮ್ಲೀಯ ತಾಣಗಳು. ಪಾಲಿಥೀನಿನ ಇಡೀ ಸರಪಳಿ ಈ ರಂಧ್ರದೊಳಗೆ ನುಗ್ಗಲಾರದು. ಶಾಖದಿಂದಲೋ ಹರಳಿನ ಹೊರಮೈಯಲ್ಲೋ ಒಂದು ಸುತ್ತು ಮುರಿದ ತುಂಡುಗಳು ಒಳಗೆ ಹೋಗಿ, ಆಮ್ಲದ ತಾಣದಲ್ಲಿ ಮತ್ತೆ ಮುರಿದು, ರಂಧ್ರ ಬಿಡುವಷ್ಟು ಅಳತೆಯಲ್ಲಿ ಹೊರಬರುತ್ತವೆ. ರಂಧ್ರ ಬದಲಾದರೆ ಸರಕೂ ಬದಲು. ಮೊಬಿಲ್ ಕಂಪನಿ 1972ರಲ್ಲಿ ಪೇಟೆಂಟ್ ಪಡೆದ ಜೆಡ್‌ಎಸ್‌ಎಂ-5 ಎಂಬ ಜಿಯೋಲೈಟಿನದು ಸುಮಾರು 0.55 ನ್ಯಾನೋಮೀಟರ್ ರಂಧ್ರ. ಅದು ಅನಿಲವನ್ನೂ ಪೆಟ್ರೋಲ್ ಬಗೆಯ ಹಗುರ ದ್ರವವನ್ನೂ ಹೆಚ್ಚು ಕೊಡುತ್ತದೆ. 0.74 ನ್ಯಾನೋಮೀಟರಿನ ವೈ ಜಿಯೋಲೈಟ್ ಸ್ವಲ್ಪ ಉದ್ದದ ತುಂಡುಗಳನ್ನೂ ಬಿಡುತ್ತದೆ, ಆದರೆ ಮಸಿ ಹಿಡಿದು ಬೇಗ ಕೆಡುತ್ತದೆ. ವೇಗವರ್ಧಕ ಇದ್ದರೆ ಉಷ್ಣತೆಯೂ ಅಷ್ಟು ಬೇಕಾಗುವುದಿಲ್ಲ, ಮೇಣದ ಕಾಟವೂ ಕಡಿಮೆ.

ಇದರಲ್ಲಿ ಪ್ಲಾಸ್ಟಿಕ್ ವಿಜ್ಞಾನಿಗಳ ಸ್ವಂತ ಆವಿಷ್ಕಾರ ಕಡಿಮೆ. ಕಚ್ಚಾ ತೈಲದ ದಪ್ಪ ಭಾಗವನ್ನು ಒಡೆದು ಪೆಟ್ರೋಲ್ ಮಾಡುವ ವಿದ್ಯೆಯನ್ನು ಎಂಜಿನಿಯರ್ ಯೂಜೀನ್ ಹೌಡ್ರಿ 1930ರ ದಶಕದಲ್ಲೇ ಕಾರ್ಖಾನೆಗೆ ತಂದಿದ್ದ. ಆಗ ವೇಗವರ್ಧಕ ಸಂಸ್ಕರಿಸಿದ ಜೇಡಿಮಣ್ಣು. 1960ರ ದಶಕದಲ್ಲಿ ವಿಜ್ಞಾನಿಗಳಾದ ಪ್ಲ್ಯಾಂಕ್ ಮತ್ತು ರೋಸಿನ್‌ಸ್ಕಿ ಜಿಯೋಲೈಟನ್ನು ಅದರ ಜಾಗಕ್ಕೆ ಕೂರಿಸಿದರು. ಇಂದು ರಿಫೈನರಿಗಳಲ್ಲಿ ಎಫ್‌ಸಿಸಿ ಎಂದು ಕರೆಯುವ ಘಟಕ ಅದೇ ವಿದ್ಯೆಯ ಮುಂದುವರಿಕೆ. ಅದರೊಳಗೆ ವೇಗವರ್ಧಕದ ಪುಡಿ ಬಿಸಿ ಎಣ್ಣೆಯ ಜೊತೆ ಕೆಲವೇ ಸೆಕೆಂಡು ಇರುತ್ತದೆ. ಅಷ್ಟರಲ್ಲೇ ಮಸಿ ಹಿಡಿದು ಸುಸ್ತಾಗುತ್ತದೆ, ಪಕ್ಕದ ಪಾತ್ರೆಯಲ್ಲಿ ಮಸಿಯನ್ನು ಸುಟ್ಟುಕೊಂಡು ಮತ್ತೆ ಕೆಲಸಕ್ಕೆ ಬರುತ್ತದೆ. ಮಸಿ ಸುಟ್ಟ ಶಾಖವೇ ಇಡೀ ಘಟಕವನ್ನು ನಡೆಸುತ್ತದೆ. ಹಿತ್ತಲ ಡ್ರಮ್ಮಿಗೆ ಒಂದು ಸೇರು ಜಿಯೋಲೈಟ್ ಸುರಿದವರಿಗೆ ಈ ಎರಡನೆಯ ಪಾತ್ರೆ ಇರುವುದಿಲ್ಲ. ನಾಲ್ಕಾರು ಬ್ಯಾಚು ಆಗುವಷ್ಟರಲ್ಲಿ ವೇಗವರ್ಧಕ ಬರಿಯ ಕಪ್ಪು ಪುಡಿ. ರಿಫೈನರಿಗಳು ಬಳಸಿ ಹೊರಹಾಕುವ ಎಫ್‌ಸಿಸಿ ಪುಡಿಯಲ್ಲಿ ಇನ್ನೂ ಸ್ವಲ್ಪ ಕಸುವು ಉಳಿದಿರುತ್ತದೆ, ಅದು ಪ್ಲಾಸ್ಟಿಕ್ ಒಡೆಯಲು ಸಾಕು ಎಂದು ಎಷ್ಟೋ ಪ್ರಯೋಗಗಳು ತೋರಿಸಿವೆ. ಹೇಗೂ ಎಸೆಯುವ ಪುಡಿ, ಅಗ್ಗದ್ದು. ನನಗೆ ಈ ಇಡೀ ಸಾಹಿತ್ಯದಲ್ಲಿ ತುಂಬ ಇಷ್ಟವಾದ, ಆದರೆ ಸುದ್ದಿಯಾಗದ ಉಪಾಯ ಇದು.

ಭಾರತದಲ್ಲಿ ಈ ವಿಷಯ ಪತ್ರಿಕೆಗಳ ಮುಖಪುಟಕ್ಕೆ ಬಂದದ್ದು 2000ದ ದಶಕದ ಆರಂಭದಲ್ಲಿ, ನಾಗಪುರದ ರಸಾಯನಶಾಸ್ತ್ರ ಅಧ್ಯಾಪಕಿ ಅಲ್ಕಾ ಝಾಡ್‌ಗಾಂವ್‌ಕರ್ ಅವರಿಂದ. ಪ್ರಯೋಗಾಲಯ ದಾಟಿ ಕಾರ್ಖಾನೆ ಕಟ್ಟಿ ತೋರಿಸಿದವರಲ್ಲಿ ಅವರು ಮೊದಲಿಗರು. ಸರ್ಕಾರಿ ಕಡೆಯಿಂದ ಗಟ್ಟಿ ಪ್ರಯತ್ನ ನಡೆದದ್ದು ಡೆಹ್ರಾಡೂನಿನ ಭಾರತೀಯ ಪೆಟ್ರೋಲಿಯಂ ಸಂಸ್ಥೆಯಲ್ಲಿ. ಗೇಲ್ ಕಂಪನಿಯ ನೆರವಿನೊಂದಿಗೆ ಅಲ್ಲಿ 2019ರ ಆಗಸ್ಟ್‌ನಲ್ಲಿ ದಿನಕ್ಕೆ ಒಂದು ಟನ್ ಪ್ಲಾಸ್ಟಿಕ್‌ನಿಂದ 800 ಲೀಟರ್ ಡೀಸೆಲ್ ತೆಗೆಯುವ ಘಟಕ ಶುರುವಾಯಿತು. ಈ 800 ಎಂಬ ಅಂಕಿಯನ್ನು ಕೈಯಲ್ಲಿ ಹಿಡಿದುಕೊಳ್ಳೋಣ, ಮುಂದೆ ಬೇಕಾಗುತ್ತದೆ. ತೂಕದಲ್ಲಿ ಅದು ಟನ್ನಿನ ಮೂರರಲ್ಲಿ ಎರಡು ಪಾಲು. ಉಳಿದದ್ದು ಅನಿಲ ಮತ್ತು ಮಸಿ. ಇಂಥ ಘಟಕಗಳಲ್ಲಿ ಅನಿಲವನ್ನು ಸಾಮಾನ್ಯವಾಗಿ ಪಾತ್ರೆ ಕಾಯಿಸಲು ಬಳಸಿಕೊಳ್ಳುತ್ತಾರೆ.

ಹೊರದೇಶಗಳ ಅನುಭವ ಇನ್ನೂ ಹಳೆಯದು, ಅಷ್ಟೇ ಕಹಿಯದು. ಜರ್ಮನಿಯ ಬಿಎಎಸ್‌ಎಫ್ ಲುಡ್‌ವಿಗ್ಸ್‌ಹಾಫೆನ್‌ನಲ್ಲಿ ವರ್ಷಕ್ಕೆ 15,000 ಟನ್ನಿನ ಪ್ರಾಯೋಗಿಕ ಘಟಕ ನಡೆಸಿ 1996ರಲ್ಲಿ ಮುಚ್ಚಿತು. ತಂತ್ರ ಸೋತಿರಲಿಲ್ಲ. ಗಿಟ್ಟುವ ದರದಲ್ಲಿ ಬೇಕಾದಷ್ಟು ಕಸ ಸಿಗುವ ಭರವಸೆ ಇರಲಿಲ್ಲ. ಜಪಾನಿನ ಸಪ್ಪೊರೊದಲ್ಲಿ 2000ದಲ್ಲಿ ಶುರುವಾದ ದೊಡ್ಡ ಘಟಕ ಸುಮಾರು ಒಂದು ದಶಕ ನಡೆದು ನಿಂತಿತು. ವರ್ಷಕ್ಕೆ ಹತ್ತು ಲಕ್ಷ ಟನ್ ಪ್ಲಾಸ್ಟಿಕ್ ತ್ಯಾಜ್ಯವನ್ನು ಕಚ್ಚಾವಸ್ತುವಾಗಿ ಬಳಸುವ ಗುರಿ ಇಟ್ಟುಕೊಂಡಿದ್ದ ಶೆಲ್ ಕಂಪನಿ 2024ರಲ್ಲಿ ಆ ಗುರಿಯನ್ನೇ ಕೈಬಿಟ್ಟಿತು. ಅಮೆರಿಕದ ಇಂಡಿಯಾನಾದ ಆ್ಯಶ್ಲಿಯಲ್ಲಿ ವರ್ಷಕ್ಕೆ ಲಕ್ಷ ಟನ್ ಸಾಮರ್ಥ್ಯ ಎಂದು ಕಟ್ಟಿದ ಬ್ರೈಟ್‌ಮಾರ್ಕ್ ಘಟಕ 2025ರ ಮಾರ್ಚ್‌ನಲ್ಲಿ ದಿವಾಳಿ ರಕ್ಷಣೆ ಕೋರಿತು. ಕಚ್ಚಾ ತೈಲದ ದರ ಇಳಿದಾಗಲೆಲ್ಲ ಇಂಥ ಘಟಕಗಳಿಗೆ ಉಸಿರು ಕಟ್ಟುತ್ತದೆ. 2020ರ ಏಪ್ರಿಲ್‌ನಲ್ಲಿ ಅಮೆರಿಕದ ಕಚ್ಚಾ ತೈಲದ ವಾಯಿದೆ ದರ ಒಂದು ದಿನ ಸೊನ್ನೆಗಿಂತ ಕೆಳಗಿಳಿದಿತ್ತು; ಅಂಥ ದಿನ ಕಸದಿಂದ ಎಣ್ಣೆ ತೆಗೆಯುವವನಿಗೆ ಬಾಗಿಲು ಹಾಕದೆ ಬೇರೆ ದಾರಿ ಏನಿದೆ?

ಇಷ್ಟು ದೊಡ್ಡವರೆಲ್ಲ ಯಾಕೆ ಎಡವಿದರು? ಉತ್ತರವನ್ನು ರಿಯಾಕ್ಟರಿನೊಳಗೆ ಹುಡುಕುವುದಕ್ಕಿಂತ ಕಸದ ಡಬ್ಬಿಯೊಳಗೆ ಹುಡುಕುವುದು ಒಳ್ಳೆಯದು. ಪ್ಲಾಸ್ಟಿಕ್ ಎಂಬ ಒಂದು ಹೆಸರಿನಡಿ ಒಂದಕ್ಕೊಂದು ಹೊಂದದ ವಸ್ತುಗಳಿವೆ. ತೊಟ್ಟೆ, ಹಾಲಿನ ಪ್ಯಾಕೆಟ್ಟು, ಸ್ಟ್ರೆಚ್ ಫಿಲ್ಮ್ ಮಾಡುವ ಪಾಲಿಥೀನ್, ಬಕೆಟ್ಟು, ಸಿಮೆಂಟ್ ಚೀಲ, ಊಟದ ಡಬ್ಬಿ ಮಾಡುವ ಪಾಲಿಪ್ರೊಪಿಲೀನ್ ಎರಡೂ ಎಣ್ಣೆಗೆ ಒಳ್ಳೆಯವು. ಥರ್ಮೋಕೋಲ್ ಆಗುವ ಪಾಲಿಸ್ಟೈರೀನ್ ಕಾಯಿಸಿದರೆ ತನ್ನ ಮೂಲವಾದ ಸ್ಟೈರೀನ್‌ಗೆ ಮರಳುತ್ತದೆ. ಅದನ್ನು ಬೇರೆಯಾಗಿ ಇಟ್ಟುಕೊಂಡರೆ ಲಾಭ. ಪೈಪು, ಕೇಬಲ್ ಹೊದಿಕೆ, ಫ್ಲೆಕ್ಸ್ ಬ್ಯಾನರುಗಳ ಪಿವಿಸಿ ಮಾತ್ರ ಶುದ್ಧ ಶತ್ರು. ಅದರ ತೂಕದ ಅರ್ಧಕ್ಕಿಂತ ಹೆಚ್ಚು ಕ್ಲೋರಿನ್. ಸುಮಾರು 300 ಡಿಗ್ರಿಗೆ ಅದು ಹೈಡ್ರೋಕ್ಲೋರಿಕ್ ಆಮ್ಲವಾಗಿ ಹೊರಬಂದು ಉಕ್ಕನ್ನು ತಿನ್ನುತ್ತದೆ, ವೇಗವರ್ಧಕವನ್ನು ಕೆಡಿಸುತ್ತದೆ, ಎಣ್ಣೆಯಲ್ಲಿ ಉಳಿದು ಮುಂದಿನ ಕಾರ್ಖಾನೆಗೂ ಕಾಟ ಕೊಡುತ್ತದೆ. ಪ್ಲಾಸ್ಟಿಕ್ ಎಣ್ಣೆಯನ್ನು, ಹೊಸ ಪ್ಲಾಸ್ಟಿಕ್ಕಿನ ಮೂಲ ಅನಿಲ ತೆಗೆಯುವ ನ್ಯಾಫ್ತಾ ಕ್ರ್ಯಾಕರಿಗೆ ಹಾಕಬೇಕಾದರೆ ಕ್ಲೋರಿನ್ ಹತ್ತು ಲಕ್ಷಕ್ಕೆ ಕೆಲವೇ ಪಾಲು ಇರಬೇಕು. ಅಂದರೆ ಒಂದು ಲೋಡು ತೊಟ್ಟೆಯ ನಡುವೆ ಸಣ್ಣದೊಂದು ಪೈಪಿನ ತುಂಡು ಬಂದರೂ ಇಡೀ ಲೋಡು ಕೈಕೊಡುತ್ತದೆ.

ಇನ್ನು ನೀರಿನ ಬಾಟಲಿ. ವಿಡಿಯೊಗಳಲ್ಲಿ ಡ್ರಮ್ಮಿಗೆ ಬೀಳುವುದು ಹೆಚ್ಚಾಗಿ ಅದೇ. ಅದರ ಪೆಟ್ ಪ್ಲಾಸ್ಟಿಕ್ಕಿನಲ್ಲಿ ಆಮ್ಲಜನಕ ತುಂಬ ಇರುವುದರಿಂದ ಕಾಯಿಸಿದಾಗ ಎಣ್ಣೆಯ ಬದಲು ಬೆಂಜೋಯಿಕ್, ಟೆರೆಫ್ತಾಲಿಕ್ ಆಮ್ಲಗಳು ಬಿಳಿ ಪುಡಿಯಾಗಿ ಕೊಳವೆಯಲ್ಲಿ ಕಟ್ಟುತ್ತವೆ. ಬಾಟಲಿಗೆ ಇದಕ್ಕಿಂತ ಉತ್ತಮ ದಾರಿಯಿದೆ, ಅಬುಧಾಬಿಯಲ್ಲಿ ಅದು ಕಣ್ಣಿಗೂ ಕಾಣುತ್ತದೆ. 2022ರಲ್ಲಿ ಇಲ್ಲಿನ ಮುಖ್ಯ ಬಸ್ ನಿಲ್ದಾಣದಲ್ಲಿ ಖಾಲಿ ಬಾಟಲಿ ಹಾಕಿದರೆ ಬಸ್ ಕಾರ್ಡಿಗೆ ಹಣ ಸೇರುವ ಯಂತ್ರ ಬಂತು. ಸಣ್ಣ ಬಾಟಲಿಗೆ ಹತ್ತು ಫಿಲ್ಸ್, ದೊಡ್ಡದಕ್ಕೆ ಇಪ್ಪತ್ತು. ಬೇಸಿಗೆಯಲ್ಲಿ ಮುಸಫ್ಫಾದ ಒಂದೊಂದು ಕ್ಯಾಂಪಿನಿಂದಲೂ ಮೂಟೆಗಟ್ಟಲೆ ಬಾಟಲಿ ಹೊರಬೀಳುತ್ತದೆ, ಸೆಕೆಗೆ ನೀರು ಕುಡಿಯದೆ ಇರಲಾಗುತ್ತದೆಯೇ. ಪೆಟ್ ಬಾಟಲಿಯನ್ನು ತೊಳೆದು ಚೂರು ಮಾಡಿ ನೂಲು ಅಥವಾ ಹೊಸ ಬಾಟಲಿ ಮಾಡುವ ಉದ್ಯಮ ಜಗತ್ತಿನಾದ್ಯಂತ ತನ್ನ ಕಾಲ ಮೇಲೆ ನಿಂತಿದೆ. ಅದನ್ನು ಎಣ್ಣೆ ಮಾಡಲು ಹೋಗುವುದು ಅಡ್ಡಕಸುಬಿತನ.

ಪ್ರಯೋಗಾಲಯಗಳಿಂದ ಇತ್ತೀಚೆಗೆ ಬಂದಿರುವ ಸುದ್ದಿ ಮಾತ್ರ ನಿಜಕ್ಕೂ ಚೇತೋಹಾರಿ. 2020ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾದ ತಂಡ ಅಲ್ಯುಮಿನಾದ ಮೇಲೆ ಕೂರಿಸಿದ ಪ್ಲ್ಯಾಟಿನಂನಿಂದ, 280 ಡಿಗ್ರಿಯಲ್ಲಿ, ಹೊರಗಿನಿಂದ ಜಲಜನಕ ಕೊಡದೆ, ಪಾಲಿಥೀನನ್ನು ಸಾಬೂನು ಪುಡಿ ಉದ್ಯಮಕ್ಕೆ ಬೇಕಾಗುವ ಬಗೆಯ ಅಣುಗಳನ್ನಾಗಿ ಮಾಡಿತು. 2021ರಲ್ಲಿ ಡೆಲವೇರ್ ವಿಶ್ವವಿದ್ಯಾಲಯದವರು ಪ್ಲ್ಯಾಟಿನಂ, ಟಂಗ್‌ಸ್ಟನ್, ಜಿರ್ಕೋನಿಯಾದ ಜೊತೆ ಜಿಯೋಲೈಟ್ ಸೇರಿಸಿ, ಜಲಜನಕದ ಒತ್ತಡದಲ್ಲಿ, 250 ಡಿಗ್ರಿಯ ಆಸುಪಾಸಿನಲ್ಲಿ ಪೆಟ್ರೋಲ್, ಡೀಸೆಲ್, ವಿಮಾನ ಇಂಧನದ ಶ್ರೇಣಿಯ ದ್ರವಗಳನ್ನು 85 ಪ್ರತಿಶತದವರೆಗೆ ಪಡೆದರು. 2024ರಲ್ಲಿ ಬರ್ಕ್‌ಲಿಯ ಜಾನ್ ಹಾರ್ಟ್‌ವಿಗ್ ಅವರ ತಂಡ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಸಿಲಿಕಾದ ಮೇಲೆ ಟಂಗ್‌ಸ್ಟನ್ ಆಕ್ಸೈಡ್ ಮತ್ತು ಅಲ್ಯುಮಿನಾದ ಮೇಲೆ ಸೋಡಿಯಂ ಎಂಬ ಅಗ್ಗದ ಜೋಡಿಯಿಂದ ಪಾಲಿಥೀನ್, ಪಾಲಿಪ್ರೊಪಿಲೀನ್ ಎರಡನ್ನೂ ಮತ್ತೆ ಪ್ಲಾಸ್ಟಿಕ್ ಮಾಡಬಲ್ಲ ಅನಿಲಗಳಾಗಿ ಒಡೆಯಿತು. ಶಾಖದ ಹೊಡೆತಕ್ಕೆ ಬದಲು ಅಳೆದು ಕತ್ತರಿಸುವ ಕಲೆ ಇದು. ಆದರೆ ಗ್ರಾಂ ಲೆಕ್ಕದ ಪ್ರಯೋಗಕ್ಕೂ ಟನ್ ಲೆಕ್ಕದ ಕಾರ್ಖಾನೆಗೂ ನಡುವೆ ದೂರ ಬಹಳ. ಕರಗಿದ ಪ್ಲಾಸ್ಟಿಕ್ ಎಷ್ಟು ಗಟ್ಟಿ ಎಂದರೆ ಕಲಕುವುದೇ ಒಂದು ಶಿಕ್ಷೆ. ಜೊತೆಗೆ ಬಣ್ಣ, ಸುಣ್ಣದ ಪುಡಿ, ಮುದ್ರಣದ ಮಸಿ, ಸಾಂಬಾರಿನ ಉಪ್ಪು. ದುಬಾರಿ ಲೋಹದ ವೇಗವರ್ಧಕಕ್ಕೆ ಇವೆಲ್ಲ ವಿಷ.

ಈಗ ಮುಸಫ್ಫಾಕ್ಕೆ ಮರಳೋಣ. ಇಲ್ಲಿಂದ ಪಶ್ಚಿಮಕ್ಕೆ ಇನ್ನೂರು ಚಿಲ್ಲರೆ ಕಿಲೋಮೀಟರ್ ಹೋದರೆ ರುವೈಸ್. ಅಲ್ಲಿ ಆ್ಯಡ್ನಾಕ್ ಕಂಪನಿಯ ರಿಫೈನರಿ ಇದೆ, ದೊಡ್ಡ ಎಫ್‌ಸಿಸಿ ಘಟಕವಿದೆ. ಪಕ್ಕದಲ್ಲೇ 1998ರಲ್ಲಿ ಆ್ಯಡ್ನಾಕ್ ಮತ್ತು ಯುರೋಪಿನ ಬೋರಿಯಾಲಿಸ್ ಸೇರಿ ಹುಟ್ಟುಹಾಕಿದ ಬೋರೂಜ್ ಕಂಪನಿಯ ಕಾರ್ಖಾನೆ, ವರ್ಷಕ್ಕೆ ಸುಮಾರು 50 ಲಕ್ಷ ಟನ್ ಪಾಲಿಥೀನ್ ಮತ್ತು ಪಾಲಿಪ್ರೊಪಿಲೀನ್ ಮಾಡಬಲ್ಲದು. ಅಂದರೆ ಪ್ಲಾಸ್ಟಿಕ್ ಹುಟ್ಟುವ ಊರು, ಬಳಕೆಯಾಗುವ ಊರು, ಒಡೆಯಬಲ್ಲ ಯಂತ್ರ ಮೂರೂ ಒಂದೇ ಹೆದ್ದಾರಿಯ ಮೇಲಿವೆ. ಅಬುಧಾಬಿಯ ಖಲೀಫಾ ವಿಶ್ವವಿದ್ಯಾಲಯದಲ್ಲಿ ವೇಗವರ್ಧಕಗಳ ಅಧ್ಯಯನಕ್ಕೆಂದೇ ಕೇಂದ್ರವೊಂದಿದೆ. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ಜಾಗ ಸಿಗಲಾರದು.

ಆದರೂ ಎರಡು ತೊಡಕು. ಒಂದನೆಯದು ಪ್ರಮಾಣದ್ದು. ಡೆಹ್ರಾಡೂನಿನ 800 ಲೀಟರ್ ಲೆಕ್ಕವನ್ನೇ ಹಿಡಿದು, ದಿನಕ್ಕೆ ನೂರು ಟನ್ ಪ್ಲಾಸ್ಟಿಕ್ ತಿನ್ನುವ ದೊಡ್ಡ ಘಟಕ ಮುಸಫ್ಫಾದಲ್ಲಿ ನಿಂತಿದೆ ಎಂದುಕೊಳ್ಳೋಣ. ದಿನಕ್ಕೆ 80,000 ಲೀಟರ್, ಸುಮಾರು 500 ಬ್ಯಾರೆಲ್. ಆ್ಯಡ್ನಾಕ್ ದಿನಕ್ಕೆ ನೆಲದಿಂದ ಎತ್ತಬಲ್ಲ ತೈಲ 48 ಲಕ್ಷ ಬ್ಯಾರೆಲ್ಲಿಗೂ ಮಿಕ್ಕಿದ್ದು. ಹತ್ತು ಸಾವಿರದಲ್ಲಿ ಒಂದು ಪಾಲು! ಈ ದೇಶಕ್ಕೆ ಎಣ್ಣೆಯ ಆಸೆಗಾಗಿ ಪ್ಲಾಸ್ಟಿಕ್ ಒಡೆಯುವ ದರ್ದು ಇಲ್ಲ. ಕಸ ಕರಗಬೇಕೆಂಬ ಕಾರಣಕ್ಕೆ ಮಾತ್ರ ಮಾಡಬೇಕು, ಹಾಗಿದ್ದರೆ ಕಸ ಹಾಕುವವನೇ ಹಣ ಕೊಡಬೇಕು. ಎರಡನೆಯದು ಹೊರಗಿನವರ ಗಮನಕ್ಕೆ ಬಾರದ ಸೂಕ್ಷ್ಮ. ಬೋರೂಜ್‌ನ ಕ್ರ್ಯಾಕರುಗಳು ಈಥೇನ್ ಅನಿಲದ ಮೇಲೆ ನಡೆಯುತ್ತವೆ. ಪ್ಲಾಸ್ಟಿಕ್ ಎಣ್ಣೆಯನ್ನು ಒಗ್ಗಿಸಿಕೊಳ್ಳುವುದು ನ್ಯಾಫ್ತಾ ದ್ರವದ ಕ್ರ್ಯಾಕರುಗಳು, ಯುರೋಪಿನಲ್ಲಿ ಇರುವಂಥವು. ಆದ್ದರಿಂದ ಇಲ್ಲಿನ ತೊಟ್ಟೆ ಎಣ್ಣೆಯಾದರೂ ಅದು ನೇರವಾಗಿ ಹೊಸ ತೊಟ್ಟೆಯಾಗಲಾರದು. ಎಫ್‌ಸಿಸಿಯ ಸುತ್ತುದಾರಿ ಹಿಡಿಯಬೇಕು.

ಸ್ಪರ್ಧಿಗಳೂ ಇದ್ದಾರೆ. ದುಬೈನ ವರ್ಸಾನ್‌ನಲ್ಲಿ ವರ್ಷಕ್ಕೆ 19 ಲಕ್ಷ ಟನ್ ಕಸ ಸುಟ್ಟು ವಿದ್ಯುತ್ ಮಾಡುವ ಸ್ಥಾವರ 2023ರಿಂದ ಕೆಲಸ ಶುರು ಮಾಡಿದೆ. ಶಾರ್ಜಾದಲ್ಲಿ 2022ರಲ್ಲೇ ಒಂದು ಬಂದಿತ್ತು. ಅಬುಧಾಬಿಯಲ್ಲೂ 9 ಲಕ್ಷ ಟನ್ನಿನದೊಂದು ಯೋಜನೆ ಇದೆ. ಕಸದ ರಾಶಿಯಲ್ಲಿ ಚೆನ್ನಾಗಿ ಉರಿಯುವುದೇ ಪ್ಲಾಸ್ಟಿಕ್. ಅದನ್ನು ಹೆಕ್ಕಿ ರಿಯಾಕ್ಟರಿಗೆ ಕೊಟ್ಟರೆ ಒಲೆಗೆ ಉಳಿಯುವುದು ಒದ್ದೆ ಊಟದ ಕಸ. ಒಮ್ಮೆ ಕೋಟಿಗಟ್ಟಲೆ ದಿರ್ಹಮ್ ಹಾಕಿ ಒಲೆ ಕಟ್ಟಿದ ಮೇಲೆ ಅದಕ್ಕೆ ಸೌದೆ ಒದಗಿಸುವ ಒತ್ತಾಯ ದಶಕಗಳ ಕಾಲ ಇರುತ್ತದೆ. ಇನ್ನೊಂದೆಡೆ ತೊಟ್ಟೆಯೇ ಕಡಿಮೆಯಾಗುತ್ತಿದೆ: ಅಬುಧಾಬಿಯಲ್ಲಿ 2022ರ ಜೂನ್ 1ರಿಂದ ಒಂದೇ ಸಲ ಬಳಸುವ ಪ್ಲಾಸ್ಟಿಕ್ ಚೀಲ ನಿಷೇಧ, 2024ರ ಜೂನ್‌ನಿಂದ ಥರ್ಮೋಕೋಲ್ ಊಟದ ಡಬ್ಬಿಗೂ ನಿಷೇಧ. ಕೆಫೆಟೇರಿಯಾ ನಡೆಸುವವರು ಮೊದಮೊದಲು ಗೊಣಗಿದರು, ಈಗ ಹೊಂದಿಕೊಂಡಿದ್ದಾರೆ.

ಎಣ್ಣೆ ಬಂತು ಎಂದೇ ಇಟ್ಟುಕೊಳ್ಳಿ. ಅದು ಡೀಸೆಲ್ಲೇ? ಎಂಜಿನ್ ತಿರುಗಿತು ಎಂಬುದು ಸಾಕ್ಷಿಯಲ್ಲ. ಹಳೆಯ ಎಂಜಿನ್ ಸೀಮೆಎಣ್ಣೆಗೂ ತಿರುಗುತ್ತದೆ. ಎಮಿರೇಟ್ಸಿನಲ್ಲೂ ಭಾರತದಲ್ಲೂ ಈಗ ಮಾರುವ ಡೀಸೆಲ್ಲಿನಲ್ಲಿ ಗಂಧಕ ಹತ್ತು ಲಕ್ಷಕ್ಕೆ ಹತ್ತು ಪಾಲು ಮೀರುವಂತಿಲ್ಲ. ಅದರ ಜೊತೆ ಹೊತ್ತಿಕೊಳ್ಳುವ ಉಷ್ಣತೆ, ಕೂಡಿಟ್ಟಾಗ ಕೆಡದಿರುವ ಗುಣ ಎಂದು ಪರೀಕ್ಷೆಗಳ ಸಾಲೇ ಇದೆ. ಪ್ಲಾಸ್ಟಿಕ್ ಎಣ್ಣೆಯಲ್ಲಿ ದ್ವಿಬಂಧದ ಅಣುಗಳು ಹೆಚ್ಚಿರುವುದರಿಂದ ಇಟ್ಟಲ್ಲೇ ಅಂಟುಗಟ್ಟುತ್ತದೆ. ಪೆಟ್ರೋಲಿನ ಹಗುರ ಭಾಗ ಬೇರ್ಪಡದೆ ಉಳಿದಿದ್ದರೆ ಸಣ್ಣ ಕಿಡಿಗೂ ಹೊತ್ತಿಕೊಳ್ಳುತ್ತದೆ. ಜಲಜನಕದಿಂದ ಶುದ್ಧೀಕರಿಸುವ ಘಟಕ ರಿಫೈನರಿಯಲ್ಲಿದೆ, ಶೆಡ್ಡಿನಲ್ಲಿಲ್ಲ. 2022ರ ಜನವರಿ 17ರಂದು ಡ್ರೋನ್ ದಾಳಿಯಿಂದ ಮುಸಫ್ಫಾದಲ್ಲಿ ಮೂರು ತೈಲ ಟ್ಯಾಂಕರುಗಳು ಸ್ಫೋಟಿಸಿ ಇಬ್ಬರು ಭಾರತೀಯರೂ ಒಬ್ಬ ಪಾಕಿಸ್ತಾನಿಯೂ ಸತ್ತರು. ಯುದ್ಧದ ಮಾತು ಬೇರೆ. ಆದರೆ ಕ್ಯಾಂಪುಗಳ ನಡುವೆ ಎಣ್ಣೆಯ ಟ್ಯಾಂಕು ಇದ್ದರೆ ಬೆಂಕಿ ಎಷ್ಟು ಬೇಗ ಮನುಷ್ಯರನ್ನು ತಲುಪುತ್ತದೆಂದು ಆ ದಿನ ಎಲ್ಲರೂ ಕಂಡರು. ಬೇಸಿಗೆಯ 45 ಡಿಗ್ರಿ ಬಿಸಿಲಲ್ಲಿ ತಗಡಿನ ಶೆಡ್ಡಿನೊಳಗೆ 450 ಡಿಗ್ರಿಯ ಪಾತ್ರೆ ಕಾಯಿಸುವುದನ್ನು ಯಾವ ಸಿವಿಲ್ ಡಿಫೆನ್ಸಿನವರೂ ಸುಮ್ಮನೆ ಬಿಡುವುದಿಲ್ಲ, ಬಿಡಲೂ ಬಾರದು.

ಆರೋಗ್ಯದ ಪ್ರಶ್ನೆಯನ್ನು ಉದ್ಯಮ ತೇಲಿಸಿಬಿಡುತ್ತದೆ. 2023ರಲ್ಲಿ ಅಮೆರಿಕದ ಪ್ರೊಪಬ್ಲಿಕಾ ಸುದ್ದಿಸಂಸ್ಥೆ ಬಯಲಿಗೆಳೆದ ದಾಖಲೆಯಂತೆ, ಮಿಸಿಸಿಪಿಯ ಪ್ಯಾಸ್ಕಗೂಲಾದ ರಿಫೈನರಿಗೆ ಪ್ಲಾಸ್ಟಿಕ್ ಮೂಲದ ಇಂಧನ ತಯಾರಿಸಲು ಒಪ್ಪಿಗೆ ಕೊಟ್ಟ ಪರಿಸರ ಸಂಸ್ಥೆಯ ಸ್ವಂತ ಅಂದಾಜಿನಲ್ಲೇ, ಅವುಗಳಲ್ಲೊಂದರ ಹೊಗೆಗೆ ಜೀವಮಾನವಿಡೀ ಒಡ್ಡಿಕೊಂಡವರಲ್ಲಿ ನಾಲ್ವರಲ್ಲಿ ಒಬ್ಬರಿಗೆ ಕ್ಯಾನ್ಸರ್ ಬರುವ ಅಪಾಯವಿತ್ತು. ಅಂದಾಜು ಅತಿ ಜಾಗರೂಕವಾಗಿತ್ತು ಎಂದು ಸಂಸ್ಥೆ ಹೇಳಿಕೊಂಡಿತು; 2024ರಲ್ಲಿ ಆ ಒಪ್ಪಿಗೆಯನ್ನು ಹಿಂಪಡೆಯಲು ಮುಂದಾಯಿತು. ಹವಾಮಾನದ ಲೆಕ್ಕವೂ ಅಷ್ಟು ಸಿಹಿಯಲ್ಲ. 800 ಲೀಟರ್ ಡೀಸೆಲ್ ಉರಿದರೆ ಎರಡು ಟನ್ನಿಗೂ ಹೆಚ್ಚು ಇಂಗಾಲದ ಡೈಆಕ್ಸೈಡ್. ಅಷ್ಟು ಕಚ್ಚಾ ತೈಲ ನೆಲದಡಿ ಉಳಿಯುತ್ತದಲ್ಲ ಎನ್ನುವವರಿದ್ದಾರೆ. ಉಳಿದರೆ ಸರಿ. ಮುಸಫ್ಫಾದಲ್ಲಿ 500 ಬ್ಯಾರೆಲ್ ಕಸದೆಣ್ಣೆ ತೆಗೆದರೆಂದು ಯಾವ ಬಾವಿಯವರೂ 500 ಬ್ಯಾರೆಲ್ ಕಡಿಮೆ ಎತ್ತಲಾರರು. ಇದನ್ನೇ ಮರುಬಳಕೆ ಎಂದು ಜಾಹೀರಾತು ಕೊಡುವುದರ ಮೇಲೂ ಕಣ್ಣಿಡಬೇಕು. ಟೆಕ್ಸಸ್‌ನ ಬೇಟೌನ್‌ನಲ್ಲಿ ಇಂಥ ಘಟಕ ನಡೆಸುವ ಎಕ್ಸಾನ್‌ಮೊಬಿಲ್ ವಿರುದ್ಧ ಕ್ಯಾಲಿಫೋರ್ನಿಯಾ ರಾಜ್ಯ 2024ರಲ್ಲಿ ಮೊಕದ್ದಮೆ ಹೂಡಿತು. ಅದರ ಆರೋಪದಂತೆ ಒಳಗೆ ಹೋದ ಪ್ಲಾಸ್ಟಿಕ್ಕಿನಲ್ಲಿ 92 ಪ್ರತಿಶತ ಮತ್ತೆ ಪ್ಲಾಸ್ಟಿಕ್ ಆಗುವುದೇ ಇಲ್ಲ, ಮುಖ್ಯವಾಗಿ ಇಂಧನವಾಗುತ್ತದೆ.

ಊರಿನಲ್ಲಿ ಯೂನಿಟ್ ಹಾಕುವ ಕನಸಿಗೆ ಬರೋಣ. 2019ರ ಆಗಸ್ಟ್‌ನ ಮಳೆಗೆ ಮಂಗಳೂರಿನ ಪಚ್ಚನಾಡಿಯ ಕಸದ ಗುಡ್ಡ ಜಾರಿ ಮಂದಾರದ ಮನೆ, ಅಡಿಕೆ ತೋಟಗಳ ಮೇಲೆ ಬಿದ್ದದ್ದನ್ನು ಮರೆತವರಿಲ್ಲ. ಆ ರಾಶಿಯಿಂದ ಡೀಸೆಲ್ ತೆಗೆಯಬಹುದಿತ್ತಲ್ಲ ಎಂದು ಕೇಳುವವರಿಗೆ ಉತ್ತರ: ವರ್ಷಗಟ್ಟಲೆ ಮಣ್ಣು, ಮರಳು, ಕೊಳೆತದ್ದರ ಜೊತೆ ಬೆರೆತ ಪ್ಲಾಸ್ಟಿಕ್ ಅತಿ ಕೆಟ್ಟ ಕಚ್ಚಾವಸ್ತು. ತೊಳೆದು ಒಣಗಿಸುವ ಖರ್ಚೇ ಎಣ್ಣೆಯ ಬೆಲೆಯನ್ನು ನುಂಗುತ್ತದೆ. ಟೈರು ಕಾಯಿಸಿ ಎಣ್ಣೆ ತೆಗೆಯುವ ಶೆಡ್ಡುಗಳ ಚರಿತ್ರೆಯನ್ನೂ ನೋಡಿ. 2019ರಲ್ಲಿ ಹಸಿರು ನ್ಯಾಯಮಂಡಳಿಯ ಮುಂದೆ ಬಂದ ವರದಿಯಲ್ಲಿ 19 ರಾಜ್ಯಗಳ 637 ಟೈರ್ ಪೈರಾಲಿಸಿಸ್ ಘಟಕಗಳ ಪೈಕಿ 270 ನಿಯಮ ಪಾಲಿಸುತ್ತಿರಲಿಲ್ಲ. ಪ್ಲಾಸ್ಟಿಕ್ ತ್ಯಾಜ್ಯದ ಬಗ್ಗೆ ನಮ್ಮ 2022ರ ಕೇಂದ್ರ ಮಾರ್ಗಸೂಚಿ ಮಾತ್ರ ಪ್ರಾಮಾಣಿಕವಾಗಿದೆ. ಪ್ಲಾಸ್ಟಿಕ್‌ನಿಂದ ಎಣ್ಣೆ ತೆಗೆಯುವುದನ್ನು ಅದು ಮರುಬಳಕೆ ಎಂದು ಕರೆಯದೆ, ರಸ್ತೆಗೆ ಹಾಕುವುದು, ಸಿಮೆಂಟ್ ಗೂಡಿಗೆ ಕೊಡುವುದರ ಸಾಲಿನಲ್ಲಿ, ಮರುಬಳಕೆ ಆಗದ್ದಕ್ಕೆ ಕೊನೆಯ ವಿಲೇವಾರಿ ಎಂದು ಇರಿಸಿದೆ. ಕಾಗದದ ಮೇಲಿನ ಪ್ರಾಮಾಣಿಕತೆ ನೆಲಕ್ಕೆ ಇಳಿಯಲಿಲ್ಲ ಎಂಬುದು ಬೇರೆ ಮಾತು: ಅದರಡಿ ಕೊಟ್ಟ ಮರುಬಳಕೆಯ ಪ್ರಮಾಣಪತ್ರಗಳಲ್ಲಿ 6 ಲಕ್ಷಕ್ಕೂ ಹೆಚ್ಚು ನಕಲಿ ಎಂದು 2023ರಲ್ಲಿ ಬಯಲಾಯಿತು.

ಇಷ್ಟಾದರೂ ಕರಾವಳಿಯಲ್ಲಿ ಒಂದು ಒಳ್ಳೆಯ ಸಾಧ್ಯತೆ ಇದೆ, ಅದರ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ. ಸುರತ್ಕಲ್ ಹತ್ತಿರದ ರಿಫೈನರಿ ಎಂಆರ್‌ಪಿಎಲ್‌ನಲ್ಲಿ ವರ್ಷಕ್ಕೆ 22 ಲಕ್ಷ ಟನ್ ಸಾಮರ್ಥ್ಯದ ಪೆಟ್ರೋ-ಎಫ್‌ಸಿಸಿ ಘಟಕವಿದೆ. ಎಣ್ಣೆಯನ್ನು ಒಡೆದು ಪ್ರೊಪಿಲೀನ್ ಅನಿಲ ತೆಗೆಯುವುದು ಅದರ ವಿಶೇಷ. ಆ ಅನಿಲದಿಂದ ಪಾಲಿಪ್ರೊಪಿಲೀನ್ ಮಾಡುವ 4.4 ಲಕ್ಷ ಟನ್ನಿನ ಘಟಕವೂ ಅದೇ ಆವರಣದಲ್ಲಿದೆ. ಪ್ಲಾಸ್ಟಿಕ್ಕಿನ ಮೇಣದೆಣ್ಣೆಯನ್ನು ಸಣ್ಣ ಪಾಲಾಗಿ ಅಲ್ಲಿಗೆ ಸೇರಿಸಿದರೆ ಅದರ ಒಂದು ಭಾಗವಾದರೂ ಮತ್ತೆ ಪ್ಲಾಸ್ಟಿಕ್ ಆದೀತು, ಬರಿ ಹೊಗೆಯಾಗದು. ಗುಜರಾತಿನ ಜಾಮ್‌ನಗರದಲ್ಲಿ ರಿಲಯನ್ಸ್ ಪ್ಲಾಸ್ಟಿಕ್ ಎಣ್ಣೆಯನ್ನು ರಿಫೈನರಿಗೆ ಸೇರಿಸಿ ಪಾಲಿಮರ್ ತೆಗೆದದ್ದಾಗಿ 2024ರ ಆರಂಭದಲ್ಲಿ ಪ್ರಕಟಿಸಿತು. ವಿಂಗಡಣೆಯ ಕಡೆಯಲ್ಲೂ ನಮ್ಮವರು ಹಿಂದಿಲ್ಲ. ಕಾರ್ಕಳದ ನಿಟ್ಟೆ, ಮಂಗಳೂರು ತಾಲೂಕಿನ ತೆಂಕ ಎಡಪದವಿನಲ್ಲಿ ಹಲವು ಗ್ರಾಮ ಪಂಚಾಯತಿಗಳ ಒಣ ಕಸ ಒಂದೆಡೆ ಸೇರಿ ವಿಂಗಡಣೆಯಾಗುವ ಕೇಂದ್ರಗಳಿವೆ. ಕನ್ವೇಯರಿನ ಎರಡೂ ಬದಿ ನಿಂತು ಹೆಂಗಸರು ಪಿವಿಸಿಯನ್ನು, ಬಾಟಲಿಯನ್ನು, ಹಾಲಿನ ತೊಟ್ಟೆಯನ್ನು ಬೇರೆ ಬೇರೆ ಎಸೆಯುತ್ತಾರೆ. ಪ್ಲಾಸ್ಟಿಕ್ ಎಣ್ಣೆಯ ಇಡೀ ವಿದ್ಯೆಯಲ್ಲಿ ನಿಜವಾದ ಆಯ್ಕೆಯ ಕೆಲಸ ಮಾಡುವವರು ಅವರು. ಜಿಯೋಲೈಟಿನ ರಂಧ್ರಕ್ಕೆ ಅಷ್ಟು ಬುದ್ಧಿ ಇಲ್ಲ. ಸಂಬಳದಲ್ಲಿ ಇದು ಕಾಣಬೇಕಿತ್ತು.

ಮುಸಫ್ಫಾದಲ್ಲಿ ಯಾರಾದರೂ ಈ ಕೆಲಸಕ್ಕೆ ಕೈಹಾಕುವುದಾದರೆ ಮನೆಯ ಕಸದಿಂದ ಆರಂಭಿಸುವುದು ಬೇಡ. ಇಲ್ಲಿನ ಗೋದಾಮುಗಳಿಗೆ ಬರುವ ಪ್ರತಿಯೊಂದು ಪ್ಯಾಲೆಟ್ಟನ್ನೂ ಸ್ಟ್ರೆಚ್ ಫಿಲ್ಮ್ ಸುತ್ತಿ ತಂದಿರುತ್ತಾರೆ. ಬಿಚ್ಚಿದ ಕ್ಷಣವೇ ಅದು ಕಸ, ಆದರೆ ಊಟ ತಾಗದ, ಪಿವಿಸಿ ಸೇರದ, ಹೆಚ್ಚುಕಡಿಮೆ ಶುದ್ಧ ಪಾಲಿಥೀನ್. ಸ್ಟೋರ್‌ಕೀಪರ್ ಮನಸ್ಸು ಮಾಡಿದರೆ ಅದು ಕಂಟೈನರಿನ ಪಕ್ಕದ ಪ್ರತ್ಯೇಕ ಚೀಲಕ್ಕೆ ಹೋಗುತ್ತದೆ. ಮನಸ್ಸು ಮಾಡದಿದ್ದರೆ ಚಹಾದ ಕಪ್ಪು, ಬಿರಿಯಾನಿಯ ಡಬ್ಬಿಯ ಜೊತೆ ಸ್ಕಿಪ್ಪಿಗೆ. ಪ್ರತ್ಯೇಕಿಸಿದ ಫಿಲ್ಮನ್ನು ಮೊದಲು ಕರಗಿಸಿ ಕಾಳು ಮಾಡುವ ಮರುಬಳಕೆದಾರರಿಗೆ ಕೊಡಬೇಕು, ಅದಕ್ಕೆ ಬೇಕಾಗುವ ಶಾಖ 200 ಡಿಗ್ರಿಯ ಆಸುಪಾಸು, ನಷ್ಟವೂ ಕಡಿಮೆ. ಅವರು ಬೇಡ ಎಂದದ್ದನ್ನು, ಹರಿದು ಬಿಸಿಲಿಗೆ ಕಂದಿದ ಫಿಲ್ಮನ್ನು, ಹಲವು ಪದರದ ಹೊದಿಕೆಯನ್ನು ಮಾತ್ರ ರಿಯಾಕ್ಟರಿಗೆ ಹಾಕಬಹುದು. ಆ ರಿಯಾಕ್ಟರ್ ಇರಬೇಕಾದದ್ದು ರಿಫೈನರಿಯ ಬೇಲಿಯೊಳಗೆ, ರುವೈಸಿನಲ್ಲೋ ಸುರತ್ಕಲ್ಲಿನಲ್ಲೋ. ಕ್ಯಾಂಪಿನ ಹಿಂದಿನ ಶೆಡ್ಡಿನಲ್ಲಿ ಅಲ್ಲ. ನಿಮ್ಮ ಪಂಚಾಯತಿಗೆ ಯಾರಾದರೂ ‘ಎಲ್ಲ ಪ್ಲಾಸ್ಟಿಕ್ಕೂ ನಡೆಯುತ್ತದೆ, ವಿಂಗಡಿಸುವುದೇ ಬೇಡ’ ಎಂದು ಯಂತ್ರ ಮಾರಲು ಬಂದರೆ, ಪಿವಿಸಿಯ ಕ್ಲೋರಿನ್ ಎಲ್ಲಿಗೆ ಹೋಗುತ್ತದೆ, ಎಣ್ಣೆಯನ್ನು ಕೊಳ್ಳುವವರ ಕರಾರುಪತ್ರ ಎಲ್ಲಿದೆ ಎಂದು ಎರಡೇ ಪ್ರಶ್ನೆ ಕೇಳಿ. ಬರವಣಿಗೆಯಲ್ಲಿ ಉತ್ತರ ಸಿಗುವವರೆಗೆ ಸಹಿ ಹಾಕಬೇಡಿ.